ರಹೀಮ್ ಸಾಹೇಬರು ಬಿಟ್ಟು ಹೋದದ್ದೇನು? – ಒಂದು ಪ್ರತಿಕ್ರಿಯೆ

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಬರೆದ ಫುಟ್‌ಬಾಲ್ ಲೇಖನವನ್ನು ಎರಡು ಸಲ ಓದಿದೆ. ಬರವಣಿಗೆ ಸೊಗಸಾಗಿದೆ, ಅದಕ್ಕೆ ಅಭಿನಂದನೆಗಳು. ಆದರೆ ಅದರ ಅಭಿಪ್ರಾಯವನ್ನು ಒಪ್ಪುವುದು ನನ್ನಿಂದಾಗದು. ಒಪ್ಪದೆ ಸುಮ್ಮನಿರೋಣವೆಂದರೆ ಲೇಖನದ ಕೊನೆಗೆ ಅವರು ಇಟ್ಟಿರುವ ಸಲಹೆ ನಮ್ಮ ಮುಲುಂಡಿನ ಮಕ್ಕಳ ಬುಡಕ್ಕೇ ಬಂದಿದೆ. ಆದ್ದರಿಂದ ಈ ಉತ್ತರ. ಪ್ರಕಟಿಸಲು ಒಪ್ಪಿದ ಸಂಪಾದಕರಿಗೆ ಋಣಿ.

2024ರ ಏಪ್ರಿಲ್‌ನಲ್ಲಿ ‘ಮೈದಾನ್’ ಎಂಬ ಹಿಂದೀ ಚಿತ್ರ ಬಂದಂದಿನಿಂದ ಸಯ್ಯದ್ ಅಬ್ದುಲ್ ರಹೀಮ್ ಎಂಬ ಹೆಸರು ಮತ್ತೆ ಜನರ ಬಾಯಲ್ಲಿದೆ. ಅಜಯ್ ದೇವಗನ್ ಆ ಪಾತ್ರ ಮಾಡಿದ್ದಾರೆ. ಚಿತ್ರ ನೋಡಿ ಬಂದವರೆಲ್ಲ ರಹೀಮರನ್ನು ದೇವರ ಪಟದ ಪಕ್ಕದಲ್ಲಿ ಕೂರಿಸತೊಡಗಿದ್ದು ಮಿತ್ರರಿಗೆ ಸರಿಬಂದಿಲ್ಲ. ಅಷ್ಟು ಮಟ್ಟಿಗೆ ನಾನೂ ಅವರ ಪಕ್ಷವೇ. ಆದರೆ ದೇವರಲ್ಲ ಎಂದು ಹೇಳುವ ಭರದಲ್ಲಿ ಅವರು ಆ ಮನುಷ್ಯನ ಇಡೀ ಜೀವಮಾನದ ದುಡಿಮೆಯನ್ನೇ ಸೊನ್ನೆಗೆ ಇಳಿಸಿಬಿಟ್ಟಿದ್ದಾರೆ. ಅವರ ಆಪಾದನೆಗಳು ಮೂರು. ಒಂದು, ರಹೀಮರ ಕಾಲದಲ್ಲಿ ಆಟಗಾರರೇ ಘಟಾನುಘಟಿಗಳಾಗಿದ್ದರು, ಗುರುವಿನದೇನೂ ಇಲ್ಲ. ಎರಡು, ಅವರು ಹೈದರಾಬಾದಿನವರಿಗೇ ಮಣೆ ಹಾಕಿದರು. ಮೂರು, 13 ವರ್ಷ ರಾಷ್ಟ್ರೀಯ ತಂಡವನ್ನು ಕೈಯಲ್ಲಿಟ್ಟುಕೊಂಡವರು ಹೋದ ಮೇಲೆ ಏನೂ ಉಳಿಯಲಿಲ್ಲ. ಹಾಗಾದರೆ ಅವರು ಕಟ್ಟಿದ್ದಾದರೂ ಏನು?

ಈ ಮೂರಕ್ಕೂ ಉತ್ತರ ಕೊಡುವ ಮೊದಲು, ಕಿರಿಯ ಓದುಗರಿಗಾಗಿ ನಾಲ್ಕು ಮಾತು.

ರಹೀಮರು ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ವೃತ್ತಿಯಿಂದ ಶಾಲಾ ಮಾಸ್ತರರು. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನೂ 1950ರಿಂದ ಭಾರತ ತಂಡವನ್ನೂ ತರಬೇತುಗೊಳಿಸಿದರು. ಅವರ ಕೈಕೆಳಗೆ ಭಾರತ 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದಲ್ಲಿ ಮತ್ತೆ ಚಿನ್ನ. ಮರುವರ್ಷ, 1963ರ ಜೂನ್ 11ರಂದು, ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ.

‘ಹೈದರಾಬಾದಿನ ಮಾಸ್ತರರಿಗೂ ಕನ್ನಡಿಗರಾದ ನಮಗೂ ಏನು ಸಂಬಂಧ?’ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. ನಮ್ಮ ಮನೆತನ ಕಲಬುರ್ಗಿ ಕಡೆಯದು. 1956ರ ನವೆಂಬರ್ ಒಂದರವರೆಗೆ ಕಲಬುರ್ಗಿ, ಬೀದರ್, ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ತಂದೆಯವರು ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದಾಗ ಅವರಿಗೆ ಈ ಊರಿನಲ್ಲಿ ‘ನಮ್ಮವರು’ ಎಂದು ಹೇಳಿಕೊಳ್ಳಲು ಸಿಕ್ಕಿದ್ದು ಎರಡೇ: ಮಾಟುಂಗದ ಕಡೆ ಕಿವಿಗೆ ಬೀಳುತ್ತಿದ್ದ ಕನ್ನಡ, ಮತ್ತು ವರ್ಷಕ್ಕೊಮ್ಮೆ ಕೂಪರೇಜ್ ಮೈದಾನಕ್ಕೆ ರೋವರ್ಸ್ ಕಪ್ ಆಡಲು ಬರುತ್ತಿದ್ದ ಹೈದರಾಬಾದ್ ಪೊಲೀಸ್ ತಂಡ. ಆ ತಂಡ 1950ರಿಂದ 1954ರವರೆಗೆ ಒಂದೇ ಸಮನೆ ಐದು ವರ್ಷ ಆ ಕಪ್ಪನ್ನು ಗೆದ್ದುಕೊಂಡು ಹೋಯಿತು. ರೋವರ್ಸ್ ಕಪ್ 1891ರಲ್ಲಿ ಬ್ರಿಟಿಷ್ ಪಲ್ಟನ್ನುಗಳ ಆಟವಾಗಿ ಹುಟ್ಟಿದ್ದು. ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ 1937, 1938ರಲ್ಲಿ ಅದನ್ನು ಗೆದ್ದಿತ್ತು. ತಂದೆಯವರು ಅರ್ಧ ದಿನದ ಸಂಬಳ ಕಳೆದುಕೊಂಡು, ಲೋಕಲ್ ಹಿಡಿದು ವಿ.ಟಿ.ಗೆ ಇಳಿದು, ಅಲ್ಲಿಂದ ನಡೆದೇ ಕೂಪರೇಜಿಗೆ ಹೋಗುತ್ತಿದ್ದರಂತೆ. ಗೆದ್ದವರು ಪೊಲೀಸರು, ಆದರೆ ಮನೆಗೆ ಬಂದು ಅವರು ಹೇಳುತ್ತಿದ್ದುದು ಗೆರೆಯ ಆಚೆ ಸುಮ್ಮನೆ ಕುಳಿತಿರುತ್ತಿದ್ದ ಮಾಸ್ತರರ ಸುದ್ದಿ. ನಾನು ಆ ಕತೆಗಳನ್ನು ಕೇಳುತ್ತ ಬೆಳೆದವನು. ಆದ್ದರಿಂದ ನನ್ನ ಮಾತಿನಲ್ಲಿ ಅಭಿಮಾನ ಇಣುಕಿದರೆ ಮಿತ್ರರು ಕ್ಷಮಿಸಬೇಕು. ಲೆಕ್ಕದಲ್ಲಿ ತಪ್ಪಿದರೆ ಮಾತ್ರ ಕ್ಷಮಿಸಬೇಕಾಗಿಲ್ಲ.

ಈಗ ಮೊದಲನೆಯ ಆಪಾದನೆ. ಆಟಗಾರರು ಘಟಾನುಘಟಿಗಳಾಗಿದ್ದರು, ನಿಜ. ಚುನಿ ಗೋಸ್ವಾಮಿ, ಪಿ. ಕೆ. ಬ್ಯಾನರ್ಜಿ, ತುಲಸಿದಾಸ್ ಬಲರಾಮ್, ಜರ್ನೈಲ್ ಸಿಂಗ್, ಪೀಟರ್ ತಂಗರಾಜ್ ಇಂಥವರು ಒಂದೇ ಕಾಲದಲ್ಲಿ ಸಿಕ್ಕಿದ್ದು ಅದೃಷ್ಟವೇ. ಆದರೆ ಒಳ್ಳೆಯ ಅಕ್ಕಿ ಇದ್ದ ಮನೆಯಲ್ಲೆಲ್ಲ ಅನ್ನ ಚೆನ್ನಾಗಿ ಬೇಯುತ್ತದೆಯೆ?

1952ರ ಹೆಲ್ಸಿಂಕಿಯನ್ನು ನೋಡಿ. ಆಗಲೂ ತರಬೇತುದಾರರು ರಹೀಮರೇ, ಆಗಲೂ ಒಳ್ಳೆಯ ಆಟಗಾರರಿದ್ದರು. ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಬಡಿದು ಹಾಕಿತು. ನಮ್ಮ ಪರವಾಗಿ ಬಂದ ಆ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲೇ ಆಡಿದ್ದರು. ಬೇರೆ ಯಾರಾದರೂ ಆಗಿದ್ದರೆ ಚಳಿಯ ಮೇಲೆ, ಅದೃಷ್ಟದ ಮೇಲೆ ಗೂಬೆ ಕೂರಿಸಿ ಕೈತೊಳೆದುಕೊಳ್ಳುತ್ತಿದ್ದರು. ನಾಲ್ಕೇ ವರ್ಷಗಳ ನಂತರ ಮೆಲ್ಬರ್ನ್‌ನಲ್ಲಿ ಅದೇ ಯುಗೋಸ್ಲಾವಿಯದ ಎದುರು ಸೆಮಿಫೈನಲ್ ಆಡಿದಾಗ ಮೊದಲ ಗೋಲು ನಮ್ಮದು! ಕೊನೆಗೆ 4–1ರಿಂದ ಸೋತೆವು. ಆದರೆ ಹತ್ತು ಗೋಲು ತಿಂದವರ ಎದುರು ಮುನ್ನಡೆ ಪಡೆದು ನಿಂತೆವು. ಆ ಗೋಲು ಹೊಡೆದ ನೆವಿಲ್ ಡಿಸೋಜ ನಮ್ಮ ಮುಂಬಯಿಯ ಆಟಗಾರ. ಅದಕ್ಕೆ ಮೊದಲು ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿದ ಪಂದ್ಯದಲ್ಲಿ ಆತ ಮೂರು ಗೋಲು ಹೊಡೆದಿದ್ದ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯದ ಆಟಗಾರನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಆ ತಂಡದಲ್ಲಿ ಮೈಸೂರು ರಾಜ್ಯದ ಕೆಂಪಯ್ಯನವರಿದ್ದರು. ಮಾಟುಂಗದಲ್ಲಿ ಆಡಿ ಬೆಳೆದ ಗೋಲ್‌ಕೀಪರ್ ಎಸ್. ಎಸ್. ನಾರಾಯಣ್ ಇದ್ದರು.

ಮಿತ್ರರು ಇಲ್ಲಿ ಒಂದು ಮಾತು ಬರೆಯಬಹುದಿತ್ತು, ಬರೆದಿಲ್ಲ. ಅವರ ಪರವಾಗಿ ನಾನೇ ಬರೆಯುತ್ತೇನೆ. ಮೆಲ್ಬರ್ನ್‌ನಲ್ಲಿ ನಾವು ಗೆದ್ದದ್ದು ಒಂದೇ ಪಂದ್ಯ. ಹಂಗೇರಿ ಹಿಂದೆ ಸರಿದದ್ದರಿಂದ ಮೊದಲ ಸುತ್ತನ್ನು ಆಡದೆಯೇ ದಾಟಿದೆವು. ಕಂಚಿಗಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯ ನಮ್ಮನ್ನು 3–0ರಿಂದ ಸೋಲಿಸಿತು. ಆದ್ದರಿಂದ ‘ನಾಲ್ಕನೆಯ ಸ್ಥಾನ’ ಎಂಬುದನ್ನು ಡಂಗುರ ಹೊಡೆಯುವವರು ಸ್ವಲ್ಪ ತಡೆದು ಮಾತನಾಡಲಿ. ನನ್ನ ವಾದ ನಿಂತಿರುವುದು ಆ ಸ್ಥಾನದ ಮೇಲಲ್ಲ. ನಾಲ್ಕು ವರ್ಷ ಬಿಟ್ಟು ರೋಮ್‌ನಲ್ಲಿ ಫ್ರಾನ್ಸ್ ಜೊತೆ 1–1ರ ಸಮಬಲ ಸಾಧಿಸಿ, ಆ ಸಲ ಕಂಚು ಪಡೆದ ಹಂಗೇರಿಗೆ 2–1ರಿಂದ ಮಾತ್ರ ಸೋತೆವಲ್ಲ, 10–1ರಿಂದ ಅಲ್ಲಿಯವರೆಗಿನ ಆ ನಡಿಗೆಯ ಮೇಲೆ ನಿಂತಿದೆ. ಅಹ್ಮದ್ ಖಾನರಂಥ ಪ್ರತಿಭೆ 1952ರಲ್ಲೂ ಇತ್ತು. ನಡುವೆ ಬದಲಾದದ್ದು ಕಲಿಕೆ.

ಕಲಿಸಿದ್ದು ಹೇಗೆ? ಹೈದರಾಬಾದಿನ ಹುಡುಗರಿಗೆ ಅವರು ವಿಚಿತ್ರ ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಚೆಂಡನ್ನು ಕಾಲಿನಲ್ಲಿ ಆಡಿಸುತ್ತ ಓಡುವಂತಿಲ್ಲ. ಬಂದ ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಇನ್ನೊಂದರಲ್ಲಿ ಬಲಗಾಲಿನವನು ಎಡಗಾಲಿನಿಂದಲೇ, ಎಡಗಾಲಿನವನು ಬಲಗಾಲಿನಿಂದಲೇ ಆಡಬೇಕು. ಬಲವಿದ್ದ ಕಾಲಿಗೆ ಚಪ್ಪಾಳೆ ತಟ್ಟುವುದು ಯಾರಿಗೂ ಬರುತ್ತದೆ. ಬಲವಿಲ್ಲದ ಕಾಲನ್ನು ದುಡಿಸುವವನು ಮಾಸ್ತರ. ಬಡಮನೆಯ ಹುಡುಗ ಬಲರಾಮ್, ಸಿಕಂದರಾಬಾದಿನ ಹೊರಗಿನ ಹಳ್ಳಿಯಿಂದ ತಾಲೀಮಿಗೆ ಬರಲು ಸೈಕಲ್ ಬಾಡಿಗೆಗೆ ದುಡ್ಡು ಕೊಟ್ಟವರು ರಹೀಮರೇ ಎಂದು ಕೊನೆಯವರೆಗೂ ನೆನೆಯುತ್ತಿದ್ದರು. ‘ಗುರುವಿನದೇನೂ ಇಲ್ಲ’ ಎಂಬ ಮಾತನ್ನು ಆ ಸೈಕಲ್ಲಿನ ಎದುರು ಇಟ್ಟು ತೂಗಿ ನೋಡಲಿ.

ಎರಡನೆಯ ಆಪಾದನೆ, ಪಕ್ಷಪಾತ. 1956ರ ತಂಡದಲ್ಲಿ ಹೈದರಾಬಾದಿನವರು ಹಲವರಿದ್ದರು, ಅಲ್ಲಗಳೆಯುವುದಿಲ್ಲ. ಆದರೆ ಸತತವಾಗಿ ಐದು ವರ್ಷ ರೋವರ್ಸ್ ಗೆದ್ದ ಊರಿನಿಂದ ಆಟಗಾರರನ್ನು ಆರಿಸದೆ ಇನ್ನೆಲ್ಲಿಂದ ಆರಿಸಬೇಕಿತ್ತು? ಅದೂ ಸಾಲದಿದ್ದರೆ 1962ರ ಜಕಾರ್ತ ಫೈನಲಿಗೆ ಬನ್ನಿ. ನಾಯಕ ಬಂಗಾಳದ ಚುನಿ. ರಕ್ಷಣೆಗೆ ಪಂಜಾಬಿನ ಜರ್ನೈಲ್, ಬಂಗಾಳದ ಅರುಣ್ ಘೋಷ್, ಇರಿಂಜಾಲಕುಡದಿಂದ ಬಂದು ಮುಂಬಯಿಯ ಕ್ಯಾಲ್ಟೆಕ್ಸ್ ಪರ ಆಡುತ್ತಿದ್ದ ಚಂದ್ರಶೇಖರನ್. ನಡುವೆ ಟಾಟಾ ತಂಡದ ಗೋವೆಯ ಫ್ರಾಂಕೊ. ಗೋಲಿನಲ್ಲಿ ತಂಗರಾಜ್. ಹೈದರಾಬಾದಿನ ಬಲರಾಮ್ ಮತ್ತು ಯೂಸುಫ್ ಖಾನ್ ಕೂಡ ಇದ್ದರು. ಇದು ಪಕ್ಷಪಾತವಾದರೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೂ ಸ್ವಲ್ಪ ಇಂಥ ಪಕ್ಷಪಾತ ಬರಲಿ ಎಂದು ಹಾರೈಸುತ್ತೇನೆ.

ಆ ಪಂದ್ಯಾವಳಿಯ ಕತೆಯನ್ನು ಬಹಳ ಹೇಳಬೇಕಾಗಿಲ್ಲ, ಚಿತ್ರದಲ್ಲಿ ನೋಡಿದ್ದೀರಿ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 2–0ರಿಂದ ಸೋಲು. ಇಸ್ರೇಲ್, ತೈವಾನ್‌ಗಳನ್ನು ಕೂಟಕ್ಕೆ ಬರಗೊಡದ ಇಂಡೋನೇಷ್ಯದ ನಡೆಯನ್ನು ನಮ್ಮ ಅಧಿಕಾರಿ ಜಿ. ಡಿ. ಸೋಂಧಿ ಖಂಡಿಸಿದ್ದಕ್ಕಾಗಿ ಊರೇ ನಮ್ಮ ಹುಡುಗರ ಮೇಲೆ ತಿರುಗಿಬಿದ್ದಿತ್ತು. ಆ ಕೂಗಾಟದ ನಡುವೆ 1962ರ ಸೆಪ್ಟೆಂಬರ್ 4ರಂದು ಅದೇ ಕೊರಿಯವನ್ನು 2–1ರಿಂದ ಸೋಲಿಸಿದರು. ತಲೆಗೆ ಹೊಲಿಗೆ ಬಿದ್ದಿದ್ದ ರಕ್ಷಣಾ ಆಟಗಾರ ಜರ್ನೈಲರನ್ನು ರಹೀಮರು ಮುಂಚೂಣಿಗೆ ತಂದು ನಿಲ್ಲಿಸಿದ್ದರು. ಎರಡನೆಯ ಗೋಲು ಅವರದೇ.

ಇಲ್ಲೇ ಚಿತ್ರ ನೋಡಿ ಕಣ್ಣೀರು ಹಾಕಿದ ಅಭಿಮಾನಿಗಳೊಡನೆ ನನ್ನ ಜಗಳವೂ ಇದೆ. ಹೊಲಿಗೆ ಹಾಕಿದ ತಲೆಯನ್ನು ಮತ್ತೆ ಚೆಂಡಿಗೆ ಒಡ್ಡಿಸಿದ್ದು ಸರಿಯೆ? ಗೆದ್ದದ್ದರಿಂದ ಅದು ಶೌರ್ಯವೆನಿಸಿತು. ಆ ಹುಡುಗನಿಗೆ ಏನಾದರೂ ಆಗಿದ್ದರೆ? ಇಂದು ಯಾವ ವೈದ್ಯರೂ ಒಪ್ಪಲಾರರು, ಒಪ್ಪಲೂಬಾರದು. ರಹೀಮರು ತಮ್ಮ ಸ್ವಂತ ಕಾಯಿಲೆಯನ್ನು ಹೇಗೆ ಕಡೆಗಣಿಸಿ ದುಡಿದರೋ ಹಾಗೆಯೇ ಹುಡುಗರ ನೋವನ್ನೂ ಕಡೆಗಣಿಸಿದರು ಎಂದು ಯಾರಾದರೂ ಹೇಳಿದರೆ ನನ್ನಲ್ಲಿ ಉತ್ತರವಿಲ್ಲ. ಗುರುವನ್ನು ಗೌರವಿಸುವುದೆಂದರೆ ಅವನ ತಪ್ಪನ್ನೂ ಪೂಜಿಸುವುದಲ್ಲ.

ಇನ್ನು ಮೂರನೆಯದು, ತೂಕದ ಮಾತು: ‘ಆತ ಹೋದ ಮೇಲೆ ಏನೂ ಉಳಿಯಲಿಲ್ಲ.’ ಲೆಕ್ಕ ಮಿತ್ರರ ಕಡೆಗಿದೆ. 1962ರ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ನಮಗೆ ಬಂದಿಲ್ಲ. 1960ರ ನಂತರ ಒಲಿಂಪಿಕ್ಸ್ ಫುಟ್‌ಬಾಲಿನ ಬಾಗಿಲನ್ನೂ ದಾಟಿಲ್ಲ. ಆಮೇಲೆ ದೇಶವಿದೇಶಗಳಿಂದ ಎಷ್ಟೋ ತರಬೇತುದಾರರು ಬಂದರು. ಅವರಲ್ಲಿ ಕ್ರೊಯೇಷಿಯದ ಇಗೋರ್ ಸ್ಟಿಮಾಚ್ 2019ರಿಂದ ಐದು ವರ್ಷ ಇದ್ದು 2024ರಲ್ಲಿ ಹೋದರು. ಆ ಎತ್ತರ ಮರಳಲಿಲ್ಲ.

ಆದರೆ ಇದರಿಂದ ಮಿತ್ರರು ತೆಗೆದ ತೀರ್ಮಾನ ತಲೆಕೆಳಗಾಗಿದೆ. ಒಬ್ಬ ತೋಟಗಾರ 13 ವರ್ಷ ತೋಟ ನೋಡಿಕೊಂಡ. ಆತ ಸತ್ತ ಮೇಲೆ ಮನೆಯವರು ನೀರು ಹಾಕಲಿಲ್ಲ, ಬೇಲಿ ಕಟ್ಟಲಿಲ್ಲ, ತೋಟ ಒಣಗಿತು. ಈಗ ‘ಆ ತೋಟಗಾರ ಎಂಥವನಯ್ಯಾ, ತೋಟ ಉಳಿಯಲೇ ಇಲ್ಲ’ ಎಂದರೆ ತಪ್ಪು ಯಾರದಾಯಿತು? ರಹೀಮರ ಕಾಲದಲ್ಲಿ ನಮ್ಮ ದೇಶದೊಳಗಿನ ಪಂದ್ಯಗಳು 70 ನಿಮಿಷಕ್ಕೆ ಮುಗಿಯುತ್ತಿದ್ದವು. ಹೊರದೇಶದಲ್ಲಿ 90 ನಿಮಿಷ ಓಡಬೇಕಿತ್ತು. ಇದನ್ನು ಸರಿಪಡಿಸುವುದು ಒಬ್ಬ ಮಾಸ್ತರನ ಕೈಯಲ್ಲಿತ್ತೆ? ಅವರ ಹುಡುಗರಿಗೆ ಪಾಠ ಹೇಳುವಂಥ ಶಾಲೆಗಳನ್ನು, ಮೈದಾನಗಳನ್ನು ಕಟ್ಟಬೇಕಾದವರು ಯಾರು? ದೊಡ್ಡ ಕುರ್ಚಿಗಳಲ್ಲಿ ಕುಳಿತವರು. ಅವರು ಪ್ರತಿಮೆಗೂ ಹಣ ಕೊಡಲಿಲ್ಲ, ಪಾಠಶಾಲೆಗೂ ಕೊಡಲಿಲ್ಲ. ದ್ರೋಣಾಚಾರ್ಯ ಪ್ರಶಸ್ತಿಯೇ 1985ರಲ್ಲಿ ಆರಂಭವಾಯಿತು. ಅಷ್ಟರಲ್ಲಿ ರಹೀಮರು ಮಣ್ಣಾಗಿ 22 ವರ್ಷ ಕಳೆದಿತ್ತು.

ಇದು ನಮ್ಮ ದೇಶದ ಕತೆ ಮಾತ್ರವೂ ಅಲ್ಲ. ನಮ್ಮ ಮೊಮ್ಮಕ್ಕಳು ಎದೆಯ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್ ಹೆಸರು ಹೊತ್ತ ಕೆಂಪಂಗಿ ತೊಟ್ಟು ಪಾಂಚ್ ರಸ್ತಾದಲ್ಲಿ ಓಡಾಡುತ್ತಾರಲ್ಲ, ಆ ತಂಡವನ್ನು ಅಲೆಕ್ಸ್ ಫರ್ಗುಸನ್ 1986ರಿಂದ 2013ರವರೆಗೆ ನಡೆಸಿದರು. ಅವರು ಇಳಿದ ಮೇಲೆ, ಹಣಕ್ಕೆ ಯಾವ ಕೊರತೆಯೂ ಇಲ್ಲದ ಆ ಕ್ಲಬ್ ಒಮ್ಮೆಯೂ ಇಂಗ್ಲೆಂಡಿನ ಲೀಗ್ ಗೆದ್ದಿಲ್ಲ. ಹಾಗೆಂದು ಫರ್ಗುಸನ್ ಏನೂ ಬಿಟ್ಟುಹೋಗಲಿಲ್ಲ ಎಂದು ಅಲ್ಲಿ ಯಾರೂ ಬರೆಯುವುದಿಲ್ಲ.

ನಿಜವಾಗಿ ಉಳಿದದ್ದೇನು ಎಂದು ಹುಡುಕಿದರೆ ಕಾಣುತ್ತದೆ. ಜಕಾರ್ತದಲ್ಲಿ ಮೊದಲ ಗೋಲು ಹೊಡೆದ ಪಿ. ಕೆ. ಬ್ಯಾನರ್ಜಿ ಮುಂದೆ ತಾವೇ ಗುರುವಾದರು. 1970ರಲ್ಲಿ ಬ್ಯಾಂಕಾಕಿನಲ್ಲಿ ನಮ್ಮ ತಂಡ ಜಪಾನನ್ನು ಸೋಲಿಸಿ ಕಂಚು ತಂದಾಗ ತರಬೇತಿಯ ಹೊಣೆ ಹೊತ್ತವರಲ್ಲಿ ಅವರಿದ್ದರು. ರಹೀಮರ ಮಗ ಎಸ್. ಎಸ್. ಹಕೀಮ್ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು, ಅಂತರರಾಷ್ಟ್ರೀಯ ರೆಫರಿಯಾದರು, ನಮ್ಮ ಮುಂಬಯಿಯ ಮಹೀಂದ್ರ ತಂಡಕ್ಕೆ 1998ರಲ್ಲಿ ಡುರಾಂಡ್ ಕಪ್ ಗೆಲ್ಲಿಸಿಕೊಟ್ಟ ಕೋಚ್ ಅವರೇ. ಅವರು 2021ರ ಆಗಸ್ಟಿನಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರ್ಗಿಯಲ್ಲಿ. ಆ ಸುದ್ದಿಯನ್ನು ಓದಿದ ದಿನ, ತಂದೆಯವರು ಬದುಕಿದ್ದರೆ ಏನೆನ್ನುತ್ತಿದ್ದರೋ ಎಂದು ಬಹಳ ಹೊತ್ತು ಕುಳಿತಿದ್ದೆ.

ನಮ್ಮ ರಾಜ್ಯದ ಉದಾಹರಣೆಯನ್ನೂ ನೋಡಿ. ಮೈಸೂರು ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಅದಾದ ಮೇಲೆ ಕರ್ನಾಟಕ ಮತ್ತೆ ಆ ಕಪ್ಪನ್ನು ಎತ್ತಿದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ನಡುವಿನ 54 ವರ್ಷ ಬೆಂಗಳೂರಿನ ಹಲಸೂರು, ಆಸ್ಟಿನ್ ಟೌನ್ ಓಣಿಗಳಲ್ಲಿ ಹುಡುಗರಿಗೆ ಆಟ ಕಲಿಸಿದ ಮಾಸ್ತರರೆಲ್ಲ ವ್ಯರ್ಥ ದುಡಿದರೆ? ಮಿತ್ರರ ತಕ್ಕಡಿಯಲ್ಲಿ ಅವರೆಲ್ಲ ಸೊನ್ನೆ. ನನ್ನ ತಕ್ಕಡಿಯಲ್ಲಿ, ಅವರಿಲ್ಲದಿದ್ದರೆ 55ನೆಯ ವರ್ಷವೂ ಬರಿದಾಗಿಯೇ ಕಳೆಯುತ್ತಿತ್ತು.

ಈಗ ಮುಲುಂಡಿಗೆ ಬರೋಣ. ಇಷ್ಟೆಲ್ಲ ಬರೆದದ್ದು ಇದಕ್ಕಾಗಿಯೇ.

ಮಿತ್ರರು ತಮ್ಮ ಲೇಖನವನ್ನು ಹೀಗೆ ಮುಗಿಸಿದ್ದಾರೆ: ದೊಡ್ಡ ತರಬೇತುದಾರರ ಗತಿಯೇ ಇದಾದರೆ, ನಮ್ಮ ಸಂಘ ಭಾನುವಾರದ ಮಕ್ಕಳ ಫುಟ್‌ಬಾಲಿಗೆ ಹಣ ಸುರಿಯುವುದೇಕೆ? ಎಷ್ಟೋ ವರ್ಷವಾಯಿತು, ಒಂದು ಕಪ್ಪೂ ಬಂದಿಲ್ಲ. ಮುಂದಿನ ಮಹಾಸಭೆಯಲ್ಲಿ ಅದನ್ನು ನಿಲ್ಲಿಸಿ, ಆ ಹಣವನ್ನು ವಾರ್ಷಿಕೋತ್ಸವದ ರಂಗಸಜ್ಜಿಕೆಗೆ ಬಳಸೋಣ.

ಆ ಭಾನುವಾರದ ಆಟವನ್ನು ಮಿತ್ರರು ಒಮ್ಮೆಯಾದರೂ ಬಂದು ನೋಡಿದ್ದಾರೆಯೆ? ನಾನು ಮೊಮ್ಮಗನನ್ನು ಕರೆದುಕೊಂಡು ಪ್ರತಿ ವಾರ ಹೋಗುತ್ತೇನೆ. ಕಲಿಸುವವರು ಬೆಂಗಳೂರಿನ ಕಡೆಯವರು. ಭಾಂಡೂಪಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಸಂಘ ಅವರಿಗೆ ಕೊಡುವುದು ಚೆಂಡಿನ ಖರ್ಚು ಮತ್ತು ಹೋಗಿಬರುವ ರಿಕ್ಷಾ ಬಾಡಿಗೆ. ಆರಂಭದಲ್ಲಿ ನಾಲ್ಕು ಹುಡುಗರಿದ್ದರು. ಈಗ ಇಪ್ಪತ್ತೆರಡು ಮಕ್ಕಳು, ಅದರಲ್ಲಿ ಏಳು ಹುಡುಗಿಯರು. ಮೈದಾನ ಸಿಗುವುದು ಬೆಳಿಗ್ಗೆ ಎಂಟರವರೆಗೆ. ಆಮೇಲೆ ಕ್ರಿಕೆಟಿನವರು ಬಂದು ಸ್ಟಂಪ್ ನೆಡುತ್ತಾರೆ. ಅಷ್ಟರೊಳಗೆ ಅವರು ‘ಎಡಗಾಲು, ಮರೀ, ಎಡಗಾಲು!’ ಎಂದು ಕೂಗುತ್ತ ಓಡಾಡುತ್ತಾರೆ.

ಕೂಗುವುದು ಕನ್ನಡದಲ್ಲಿ. ಇದನ್ನು ಗಮನಿಸಬೇಕು. ನನ್ನ ಮೊಮ್ಮಗ ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಕೆಳಗೆ ಮರಾಠಿ, ಗುಜರಾತಿ, ಹಿಂದಿ ಮಾತನಾಡುತ್ತಾನೆ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಿದ್ದ. ಅವನು ನನಗೆ ತಾನಾಗಿ ಹೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ, ‘ಅಜ್ಜಾ, ಸರ್ ನನಗೆ ಹಿಂದೆ ನಿಲ್ಲು ಅಂದ್ರು’ ಎಂಬುದು. ಸಂಘದ ಕನ್ನಡ ತರಗತಿಗೆ ಅವನನ್ನು ಎಳೆದೊಯ್ಯಬೇಕಿತ್ತು. ಮೈದಾನಕ್ಕೆ ಅವನು ನನ್ನನ್ನು ಎಳೆದೊಯ್ಯುತ್ತಾನೆ. ಯಾವ ಕಪ್ಪಿನಲ್ಲಿ ಇದನ್ನು ತುಂಬಿಸಿ ಕಪಾಟಿನಲ್ಲಿಡೋಣ?

ಕಪ್ಪು ಬೇಡವೆಂದು ನಾನು ಹೇಳುತ್ತಿಲ್ಲ. ಖರ್ಚಿನ ಲೆಕ್ಕ ಕೇಳುವ ಹಕ್ಕು ಪ್ರತಿ ಸದಸ್ಯನಿಗೂ ಇದೆ; ಕೇಳಲಿ. ಆದರೆ ಕೇಳುವ ಪ್ರಶ್ನೆ ಸರಿಯಾಗಿರಲಿ. ಎಷ್ಟು ಮಕ್ಕಳು ಬಂದರು, ಎಷ್ಟು ಮಕ್ಕಳು ನಿಂತರು, ಹಿಂದಿನ ವರ್ಷದ ದುರ್ಬಲ ಹುಡುಗ ಈ ವರ್ಷ ಎಲ್ಲಿದ್ದಾನೆ, ಇದನ್ನು ಕೇಳಲಿ. ಇನ್ನೂ ಒಂದನ್ನು ಕೇಳಲೇಬೇಕು: ಈ ಮಾಸ್ತರರಿಗೆ ವಯಸ್ಸಾಗಿದೆ, ಇವರ ನಂತರ ಯಾರು? ರಹೀಮರ ವಿಷಯದಲ್ಲಿ ದೇಶ ಕೇಳದೆ ಬಿಟ್ಟ ಪ್ರಶ್ನೆ ಇದೇ. ನಾವೂ ಅದೇ ತಪ್ಪು ಮಾಡಿ, ಆಮೇಲೆ ‘ಏನೂ ಉಳಿಯಲಿಲ್ಲ’ ಎಂದು ಇದೇ ಪತ್ರಿಕೆಯಲ್ಲಿ ಲೇಖನ ಬರೆಯುವುದು ಬೇಡ.

ಆದ್ದರಿಂದ ಮಹಾಸಭೆಯ ಮುಂದೆ ನನ್ನ ಸೂಚನೆ ಎರಡು. ಮೊದಲನೆಯದು, ಭಾನುವಾರದ ಆಟ ನಿಲ್ಲಬಾರದು. ಎರಡನೆಯದು, ನಮ್ಮ ಯುವಕ ಯುವತಿಯರಲ್ಲಿ ಇಬ್ಬರನ್ನು ಆರಿಸಿ, ಅವರು ಈ ಹಿರಿಯರ ಕೈಕೆಳಗೆ ನಿಂತು ಕಲಿಸುವುದನ್ನು ಕಲಿಯುವಂತೆ ಸಂಘ ಏರ್ಪಾಟು ಮಾಡಬೇಕು. ಅವರ ತರಬೇತಿಯ ಖರ್ಚನ್ನೂ ಕೊಡಬೇಕು. ರಂಗಸಜ್ಜಿಕೆ ಒಂದು ವರ್ಷ ಹಳೆಯದೇ ಇದ್ದರೆ ನಾಟಕವೇನೂ ಕೆಡುವುದಿಲ್ಲ.

ಮಿತ್ರರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಅವರು ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಬರಲಿ. ಚಹಾ ನನ್ನದು. ಎಂಟರವರೆಗೆ ನೋಡಿದ ಮೇಲೂ ನಿಲ್ಲಿಸಬೇಕೆಂದು ಅನ್ನಿಸಿದರೆ, ಮಹಾಸಭೆಯಲ್ಲಿ ಎದ್ದು ನಿಂತು ಹೇಳಲಿ. ನಾನು ಕುಳಿತು ಕೇಳುತ್ತೇನೆ. ಆದರೆ ಕೈ ಎತ್ತುವಾಗ ಮಾತ್ರ ಅವರ ವಿರುದ್ಧವೇ ಎತ್ತುತ್ತೇನೆ.